ನಲವತ್ತೇಳನೆಯ ತಟ್ಟೆ

ಫೆಬ್ರವರಿ 11, ಮಂಗಳವಾರ

ನಲವತ್ತೇಳನೆಯ ತಟ್ಟೆಯಲ್ಲಿ ಮೊಟ್ಟೆ ಇದೆ!

ಇನ್ನೊಮ್ಮೆ ಬರೆಯುತ್ತೇನೆ, ಬರೆಯುವುದಕ್ಕೇ ಸುಖವಾಗುತ್ತದೆ. ನಲವತ್ತೇಳನೆಯ ತಟ್ಟೆಯಲ್ಲಿ ಮೊಟ್ಟೆ ಇದೆ. ಇಪ್ಪತ್ತೈದು ಡಿಗ್ರಿಯಲ್ಲಿ ಒಂದೇ ಒಂದು ಮೊಟ್ಟೆ ಇಡಲಾರದೆ ಸಾಯುತ್ತಿದ್ದ ನನ್ನ ಹುಳುಗಳು ಇವತ್ತು ಬೆಳಿಗ್ಗೆ ಹತ್ತೂವರೆಗೆ ಮೈಕ್ರೋಸ್ಕೋಪಿನ ಕೆಳಗೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಮೊಟ್ಟೆ ಚೆಲ್ಲಿಕೊಂಡು ಓಡಾಡುತ್ತಿದ್ದವು. ನಾನು ಕಿರುಚಿದ್ದಕ್ಕೆ ಪಕ್ಕದ ಕೆಮಿಸ್ಟ್ರಿ ಲ್ಯಾಬಿನವರು ಹಾವು ಬಂತೇನೋ ಎಂದು ಕೋಲು ಹಿಡಿದು ಬಂದರು. ಹಾವಲ್ಲ, ಹೊಸ ಜೀನ್ ಎಂದೆ. ಕೋಲು ತೆಗೆದುಕೊಂಡು ವಾಪಸ್ಸು ಹೋದರು.

ಪ್ರಬಂಧ ಮಂಡನೆಯ ದಿನ ಹೇಗೆ ಶುರುಮಾಡಬೇಕು ಎಂದು ನರಸೀಪುರದ ಕಾಲೇಜಿನಿಂದ ನಂಜನಗೂಡಿನ ಮನೆಯವರೆಗೂ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೇನೆ. ಮರೆಯುವ ಮುಂಚೆ ಬರೆದಿಡುತ್ತೇನೆ. ಮಾನ್ಯರೇ, ಈ ದುಂಡುಹುಳುವಿನ ಉದ್ದ ಒಂದು ಮಿಲಿಮೀಟರು. ಮೈಯಲ್ಲಿ ಇರುವುದು ಒಂಬೈನೂರ ಐವತ್ತೊಂಬತ್ತು ಜೀವಕೋಶ. ಯಾವುದು ಯಾವುದರಿಂದ ಹುಟ್ಟಿತು, ಮುಂದೆ ಏನಾಗುತ್ತದೆ ಎಂಬುದೆಲ್ಲ ಜಗತ್ತಿಗೆ ಗೊತ್ತಿದೆ. ಆದರೆ ಒಂದು ಜಾಗದಲ್ಲಿ ಎರಡು ಕೋಶಗಳು ಅಕ್ಕಪಕ್ಕ ಹುಟ್ಟುತ್ತವೆ. ಯಾರು ಏನಾಗಬೇಕು ಎಂಬುದನ್ನು ಅವೆರಡೂ ಒಂದಕ್ಕೊಂದು ಸುದ್ದಿ ಕಳಿಸಿಯೇ ತೀರ್ಮಾನಿಸಬೇಕು. ಒಂದು ಲಂಗರು ಕೋಶವಾಗುತ್ತದೆ, ಇನ್ನೊಂದು ಗರ್ಭಕೋಶಕ್ಕೆ ಸೇರುತ್ತದೆ. ಲಂಗರು ಕೋಶ ಕೆಳಗಿನ ಚರ್ಮಕ್ಕೆ ಹೇಳಿ ಕಳಿಸಿದರೆ ಮಾತ್ರ ಅಲ್ಲಿ ಮೊಟ್ಟೆ ಹೊರಬರುವ ಬಾಗಿಲು ಆಗುತ್ತದೆ.

ನನ್ನ ತಳಿಯಲ್ಲಿ ಈ ಮಾತುಕತೆಯ ಜೀನ್ ಒಂದು ಕೆಟ್ಟಿದೆ. ತಂಪಿನಲ್ಲಿ ಬೆಳೆಸಿದರೆ ಏನೂ ತೊಂದರೆಯಿಲ್ಲ. ಇಪ್ಪತ್ತೈದು ಡಿಗ್ರಿಯಲ್ಲಿ ಬೆಳೆಸಿದರೆ ಎರಡೂ ಕೋಶ ಗರ್ಭಕೋಶಕ್ಕೇ ಹೋಗಿಬಿಡುತ್ತವೆ. ಲಂಗರೂ ಇಲ್ಲ, ಬಾಗಿಲೂ ಇಲ್ಲ. ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿಗಳು ತಾಯಿಯನ್ನೇ ತಿಂದು ಹೊರಗೆ ಬರುತ್ತವೆ, ತಾಯಿ ಬರೀ ಚೀಲವಾಗಿ ಉಳಿಯುತ್ತಾಳೆ. ಈ ತಳಿಗೆ ರಾಸಾಯನಿಕ ಕೊಟ್ಟು ಇನ್ನೊಂದು ಜೀನ್ ಕೆಡಿಸಿ, ಎರಡನೆಯ ಕೇಡು ಮೊದಲನೆಯ ಕೇಡನ್ನು ರಿಪೇರಿ ಮಾಡುತ್ತದೆಯೇ ಎಂದು ಎರಡು ವರ್ಷದಿಂದ ಹುಡುಕುತ್ತಿದ್ದೆ. ಇವತ್ತು ಸಿಕ್ಕಿತು.

ಜೂನ್ ಮೂವತ್ತಕ್ಕೆ ನನ್ನ ಪಿಎಚ್.ಡಿ ನೋಂದಣಿ ಮುಗಿಯುತ್ತದೆ. ಎರಡು ಸಲ ವಿಸ್ತರಿಸಿಕೊಂಡಾಗಿದೆ, ಮೂರನೆಯ ಸಲ ಕೊಡುವುದಿಲ್ಲ. ಬಾಕಿ ಇದ್ದದ್ದು ಇದೊಂದೇ ಅಧ್ಯಾಯ. ಪ್ರಸಾದ್‌ಗೆ ಹೇಳಿದೆ. ತಾಲ್ಲೂಕು ಕಚೇರಿಯಿಂದ ಬಂದು ಶೂ ಬಿಚ್ಚುತ್ತಿದ್ದವರು, "ಹಂಗಾದ್ರೆ ನಿನ್ನ ಹುಳಾನ ಮನೆಗೆ ಕರ್ಕೊಂಡು ಬಾ, ಬಾಣಂತನ ಮಾಡೋಣ" ಎಂದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಗಂಡ ಹುಳುವಿನ ಬಗ್ಗೆ ಆಡಿದ ಅತಿ ಒಳ್ಳೆಯ ಮಾತು ಇದು.

ಫೆಬ್ರವರಿ 20, ಗುರುವಾರ

ಮಕ್ಕಳಲ್ಲೂ ಬಂದಿದೆ. ನಲವತ್ತೇಳರ ಸಂತಾನವನ್ನು ಹನ್ನೆರಡು ತಟ್ಟೆಗೆ ಹಂಚಿ, ಬೇರೆಯವುಗಳ ಜೊತೆ ಕಲೆತುಹೋಗದಿರಲೆಂದು ಮುಚ್ಚಳದ ಮೇಲೆ ಕೆಂಪು ಮಾರ್ಕರಿನಲ್ಲಿ ದುಂಡಗೆ ಸುತ್ತು ಹಾಕಿದ್ದೆ. ಸುತ್ತು ಇರುವ ಹನ್ನೆರಡರಲ್ಲೂ ಮೊಟ್ಟೆ. ಸುತ್ತು ಇಲ್ಲದ ಹಳೇ ತಳಿಯ ಹನ್ನೆರಡರಲ್ಲಿ ಬರೀ ಚೀಲಗಳು. ಸುತ್ತು ಇರುವುದರಲ್ಲೂ ಐವತ್ತಕ್ಕೆ ಮೂವತ್ತು ಹುಳು ಮಾತ್ರ ಮೊಟ್ಟೆ ಇಟ್ಟಿವೆ, ಮಿಕ್ಕವು ಒಡೆದಿವೆ. ಪರವಾಗಿಲ್ಲ, ಹೊಸ ಜೀನಿನ ಪ್ರಭಾವ ಅರೆಬರೆ ಇರಬಹುದು. ಎಷ್ಟೋ ಜೀನುಗಳು ಹಾಗೆಯೇ.

ಮೈಸೂರಿಗೆ ಫೋನ್ ಮಾಡಿ ನನ್ನ ಮಾರ್ಗದರ್ಶಕರಾದ ರಾಜೇಂದ್ರ ಸರ್‌ಗೆ ಹೇಳಿದೆ. ಉಷ್ಣತೆ ಎಷ್ಟಿತ್ತು ಎಂದು ಮೂರು ಸಲ ಕೇಳಿದರು. ದಿನಾ ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಇನ್‌ಕ್ಯುಬೇಟರ್ ನೋಡಿ ಬರೆದಿಟ್ಟಿದ್ದೇನೆ ಸರ್, ಒಂದು ದಿನವೂ ಇಪ್ಪತ್ತೈದು ತಪ್ಪಿಲ್ಲ ಎಂದೆ. ನಾನು ಬರೆದಿಟ್ಟ ಮೇಲೆ ಅದು ಬರೆದಿಟ್ಟ ಹಾಗೆ.

ಪಾಪಮ್ಮನಿಗೆ ಮತ್ತೆ ಹೇಳಿದೆ, ಒರೆಸುವಾಗ ಇನ್‌ಕ್ಯುಬೇಟರಿನ ಸ್ವಿಚ್ ಮುಟ್ಟಬೇಡ ಎಂದು. ಲ್ಯಾಬಿನ ಅಟೆಂಡರ್ ಅವಳು, ನನಗಿಂತ ಹತ್ತು ವರ್ಷ ಮುಂಚಿನಿಂದ ಈ ಕಾಲೇಜಿನಲ್ಲಿದ್ದಾಳೆ. ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತದೆ. ಬೆಳಿಗ್ಗೆ ಸೋಮನಾಥಪುರದ ಬಸ್ಸಿನಲ್ಲಿ ಬಂದು ಬಾಗಿಲು ತೆಗೆಯುತ್ತಾಳೆ, ನಾನು ನಾಲ್ಕೂಮುಕ್ಕಾಲಿನ ಬಸ್ಸಿಗೆ ಹೋದ ಮೇಲೆ ಗುಡಿಸಿ ಬಾಗಿಲು ಹಾಕುತ್ತಾಳೆ. "ನಾನ್ಯಾಕ್ ಮುಟ್ಲಿ ಮೇಡಂ, ಸ್ವಿಚ್ಚಂದ್ರೇನೇ ನಂಗೆ ಬಯ" ಎಂದಳು.

ಮಾರ್ಚ್ 5, ಬುಧವಾರ

ಸೆಕೆ ಶುರುವಾಗಿದೆ. ಕಾಲೇಜಿನಲ್ಲಿ ನನ್ನ ಜೀನಿನ ಕತೆಯನ್ನು ಕೇಳುವವರು ಯಾರೂ ಉಳಿದಿಲ್ಲ. ಸ್ಟಾಫ್ ರೂಮಿಗೆ ನಾನು ಹೋದರೆ ಎಲ್ಲರಿಗೂ ಒಟ್ಟಿಗೇ ಕ್ಲಾಸು ನೆನಪಾಗುತ್ತದೆ. ಹಾಗಾಗಿ ಇವತ್ತು ತಟ್ಟೆ ತೊಳೆಯುತ್ತಿದ್ದ ಪಾಪಮ್ಮನಿಗೆ ಹೇಳಿದೆ. ಎರಡು ಕೋಶ, ಇಬ್ಬರೂ ಸಮಾನರು, ಯಾರು ಬೇಕಾದರೂ ಲಂಗರಾಗಬಹುದು, ಆದರೆ ಒಬ್ಬರೇ ಆಗಬೇಕು.

"ಅಂಗಾರೆ ಯಾರಾಯ್ತಾರೆ?"

"ಒಂದು ಸಣ್ಣ ವ್ಯತ್ಯಾಸ ಸಾಕು. ಸಾಮಾನ್ಯವಾಗಿ ಮೊದಲು ಹುಟ್ಟಿದ್ದು ಬಿಟ್ಟುಕೊಡುತ್ತೆ. ಆಮೇಲೆ ಹುಟ್ಟಿದ್ದು ಲಂಗರಾಗುತ್ತೆ."

ಅವಳು ಕೈ ನಿಲ್ಲಿಸಿ ನಕ್ಕಳು. "ಮೊದ್ಲು ಉಟ್ಟಿದ್ದೇ ಬುಟ್ಕೊಡದಾ? ಸರಿ ಕಣ್ ಬುಡಿ. ನಮ್ಮನೇಲೂ ಅಂಗೇಯ. ನಾನು ಮೊದ್ಲು ಉಟ್ಟಿದ್ದು, ನನ್ ತಮ್ಮ ಸಿದ್ದು ಇಸ್ಕೂಲ್‌ಗೆ ಓದ." ಮತ್ತೆ ತಟ್ಟೆ ಉಜ್ಜತೊಡಗಿದಳು. ಹುಳು ಒಡೆದು ಸಾಯುವುದನ್ನು ನೋಡಲು ಆಗುವುದಿಲ್ಲ ಎಂದಳು. ನೀನು ಎಲ್ಲಿ ನೋಡಿದೆ, ಅದು ಬರಿಗಣ್ಣಿಗೆ ಕಾಣುವುದೇ ಇಲ್ಲವಲ್ಲ ಎಂದೆ. "ನೀವು ಫೋನಲ್ಲಿ ಯೋಳ್ತಿರ್ತೀರಲ್ಲಾ ಮೇಡಂ, ಮರಿಗೋಳು ತಾಯ್ನೇ ತಿಂದ್ಬುಡ್ತವೆ ಅಂತ. ಕೇಳಿದ್ರೆ ಸಾಕು, ಅನ್ನ ಸೇರಾಕಿಲ್ಲ."

ವಿಜ್ಞಾನಕ್ಕೆ ಇಷ್ಟು ಮೆತ್ತನೆಯ ಮನಸ್ಸು ಆಗಿಬರುವುದಿಲ್ಲ.

ಮಾರ್ಚ್ 17, ಸೋಮವಾರ

ಮೈಸೂರಿನಲ್ಲಿ ಬಂದಿಲ್ಲವಂತೆ. ಸರ್ ತಮ್ಮ ಲ್ಯಾಬಿನಲ್ಲಿ ನನ್ನ ಕೆಂಪು ಸುತ್ತಿನ ಹುಳುಗಳನ್ನು ಇಪ್ಪತ್ತೈದಕ್ಕೆ ಇಟ್ಟು ನೋಡಿಸಿದ್ದಾರೆ. ಎಲ್ಲವೂ ಚೀಲ. "ಒಂದೂ ಮೊಟ್ಟೆ ಇಲ್ಲ ಹೇಮಲತಾ" ಎಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಅವರ ಲ್ಯಾಬಿನಲ್ಲಿ ಹುಳು ಎತ್ತುವವರ ಕೈ ನಾನು ಕಂಡಿದ್ದೇನೆ. ಸೌದೆ ಎತ್ತಿದ ಹಾಗೆ ಎತ್ತುತ್ತಾರೆ. ಇಲ್ಲಿ ಮೂರು ತಲೆಮಾರು ಸತತವಾಗಿ ಮೊಟ್ಟೆ ಇಟ್ಟ ತಳಿ ಅಲ್ಲಿ ಇಡುವುದಿಲ್ಲ ಎಂದರೆ ತಪ್ಪು ತಳಿಯದಲ್ಲ.

ಮಾರ್ಚ್ 21, ಶುಕ್ರವಾರ

ಮತ್ತೆ ಮಾಡಿದೆ, ಮತ್ತೆ ಬಂತು. ಕೆಂಪು ಸುತ್ತಿನ ಹದಿನೈದು ತಟ್ಟೆ, ಹದಿನೈದರಲ್ಲೂ ಮೊಟ್ಟೆ. ಫೋಟೋ ತೆಗೆದು ಸರ್‌ಗೆ ಕಳಿಸಿದೆ. ಅವರು ಅಭಿನಂದನೆ ಹೇಳುತ್ತಾರೆ ಎಂದುಕೊಂಡಿದ್ದೆ. ಒಮ್ಮೆ ಗುರುತೇ ಇಲ್ಲದೆ ಮಾಡಿ, ಯಾವುದು ಯಾವ ತಳಿ ಎಂದು ಎಣಿಸುವವರಿಗೂ ಗೊತ್ತಿರಬಾರದು ಎಂದರು. ಅಂದರೆ ನನ್ನ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತಿದೆ ಎಂದು ಅರ್ಥ. ಆಗಲಿ ಸರ್ ಎಂದೆ. ಬಾಟನಿಯ ಸುನೀತಾ ಬಂದು ಸೋಮವಾರ ಮೂವತ್ತು ತಟ್ಟೆಯ ತಳಕ್ಕೆ ನಂಬರು ಬರೆದು, ಪಟ್ಟಿಯನ್ನು ತನ್ನ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾಳೆ. ಕೆಂಪು ಸುತ್ತು ಇರುವುದಿಲ್ಲ. ನೋಡೇಬಿಡೋಣ.

ಮಾರ್ಚ್ 28, ಶುಕ್ರವಾರ

ಮೂವತ್ತು ತಟ್ಟೆ. ಒಂದರಲ್ಲೂ ಮೊಟ್ಟೆ ಇಲ್ಲ.

ಮಾರ್ಚ್ 29, ಶನಿವಾರ

ಎಲ್ಲವನ್ನೂ ನಡೆದ ಹಾಗೆಯೇ ಬರೆಯಬೇಕು.

ಬೆಳಿಗ್ಗೆ ಇನ್‌ಕ್ಯುಬೇಟರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಸುನೀತಾಳ ಪಟ್ಟಿ ಕೈಯಲ್ಲಿತ್ತು. ಹದಿನೈದು ಹೊಸ ತಳಿ, ಹದಿನೈದು ಹಳೇ ತಳಿ, ಎಲ್ಲವೂ ಒಂದೇ. ಪೊರಕೆ ಹಿಡಿದು ಬಂದ ಪಾಪಮ್ಮ ನನ್ನ ಪಕ್ಕ ನಿಂತಳು.

"ಮೇಡಂ, ಈ ಸಲ ಕೆಂಪು ಸುತ್ತು ಆಕದೇ ಬುಟ್ರಲ್ಲಾ. ನಾಕು ದಿಸದಿಂದ ಕೇಳನ ಕೇಳನ ಅಂತಿದ್ದೆ. ಯಾವ ತಟ್ಟೆ ಮಡಕೆ ತಾವ ಮಡುಗ್ಬೇಕು ಅಂತ್ಲೇ ಗೊತ್ತಾಗ್ನಿಲ್ಲ."

"ಯಾವ ಮಡಕೆ?"

ಬಾಗಿಲ ಹಿಂದೆ ಕುಡಿಯುವ ನೀರಿನ ಮಡಕೆ ಇದೆ. ಕೆಳಗೆ ಹೊಳೆ ಮರಳು ಹಾಸಿದೆ, ಸುತ್ತ ಒದ್ದೆ ಗೋಣಿ. ಎರಡು ಹೊತ್ತು ಮರಳಿಗೆ ನೀರು ಚಿಮುಕಿಸುವುದು ಅವಳ ಅಭ್ಯಾಸ. ಒಂಬತ್ತು ವರ್ಷದಿಂದ ಅದೇ ಮಡಕೆಯ ನೀರು ಕುಡಿದಿದ್ದೇನೆ, ಕೆಳಗೆ ಬಗ್ಗಿ ನೋಡಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಒರೆಸುವಾಗ ಒಂದು ತಟ್ಟೆಯ ಮುಚ್ಚಳ ಬಿರುಕು ಬಿಟ್ಟಿತಂತೆ. ನಾನು ಬಯ್ಯುತ್ತೇನೆಂದು ಬೇರೆ ಮುಚ್ಚಳ ಹಾಕಿದಳು. ಒಳಗಿನದು ಒಣಗಿಹೋಗುತ್ತದೆಂದು ಸಂಜೆ ನಾನು ಹೋದ ಮೇಲೆ ಆ ತಟ್ಟೆಯನ್ನು ಒದ್ದೆ ಮರಳ ಮೇಲೆ ಇಟ್ಟು ಗೋಣಿ ಮುಚ್ಚಿದಳು. ಬೆಳಿಗ್ಗೆ ನಾನು ಬರುವ ಮುಂಚೆ ಮತ್ತೆ ಒಳಗೆ ಇಟ್ಟಳು. ಹೀಗೆ ಮೂರು ನಾಲ್ಕು ದಿನ. ಅದೇ ನಲವತ್ತೇಳು.

"ಅದ್ರಲ್ಲೇ ಮೊಟ್ಟೆ ಬಂತು ಅಂತ ನೀವು ಕುಣುದ್ರಿ. ಕೆಂಪು ಸುತ್ತು ಆಕುದ್ರಿ. ಅಂಗಾರೆ ಸುತ್ತು ಇರವು ಬೇಕಾದವು ಅಂತ ಅವ್ನೆಲ್ಲ ದಿನಾ ಸಾಯಂಕಾಲ ತಣ್ಣಗೆ ಮಡುಗ್ದೆ. ಆ ಪೆಟ್ಗೆ ಒಳ್ಗೆ ಕೈ ಇಟ್ರೆ ಬೆಚ್ಗೆ ಇರ್ತದೆ ಮೇಡಂ. ಉಳ ಸಾಕೋ ಮನೇಲಿ ಬೇಸ್ಗೇಲಿ ಯಾರಾದ್ರೂ ಇಂಗೆ ಪೆಟ್ಗೆ ಒಳ್ಗೆ ಮಡುಗ್ತಾರಾ?"

ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನನ್ನ ಹುಳುವೂ ಅವಳಿಗೆ ಹುಳುವೇ.

ಹೊಸ ಜೀನ್ ಇಲ್ಲ. ಯಾವತ್ತೂ ಇರಲಿಲ್ಲ. ಮಡಕೆ ಇತ್ತು.

ಆಮೇಲೆ ನಾನು ಕೂಗಾಡಿದೆ. ನಿನ್ನ ಕೆಲಸ ತೊಳೆಯೋದು, ಒರೆಸೋದು, ಅಷ್ಟೇ, ಬುದ್ಧಿ ಓಡಿಸು ಅಂತ ನಿನಗೆ ಯಾರು ಹೇಳಿದ್ದು, ನನ್ನ ಎರಡು ವರ್ಷ ನೀರಿಗೆ ಹಾಕಿದೆಯಲ್ಲ ಎಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಬರೆಯುವುದಿಲ್ಲ. ಅವಳು ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟು ಹೋದಳು.

ಏಪ್ರಿಲ್ 1, ಮಂಗಳವಾರ

ಯುಗಾದಿ, ರಂಜಾನ್ ರಜೆ ಮುಗಿಸಿ ಹೋದರೆ ಪಾಪಮ್ಮ ಬಂದಿಲ್ಲ. ರಜೆ ಚೀಟಿ ಕಳಿಸಿದ್ದಾಳೆ. ಮಡಕೆ ಖಾಲಿ, ಮರಳು ಒಣಗಿದೆ.

ಮಧ್ಯಾಹ್ನ ಸರ್ ಮೇಲ್ ಮಾಡಿದರು. ಅವರ ಲ್ಯಾಬಿನ ಇನ್‌ಕ್ಯುಬೇಟರ್ ಕೆಟ್ಟಿತ್ತಂತೆ. ಹೊರಗೆ ಇಪ್ಪತ್ತೈದು ತೋರಿಸುತ್ತಾ ಒಳಗೆ ಇಪ್ಪತ್ತೇಳೂವರೆ ಇತ್ತಂತೆ. ಅಷ್ಟು ಶಾಖದಲ್ಲಿ ಹೊಸ ಜೀನಿನ ಗುಣ ಕಾಣದಿದ್ದುದು ಸಹಜ, ನಿಮ್ಮನ್ನು ಸುಮ್ಮನೆ ಅನುಮಾನಿಸಿದೆ, ಗುರುತಿಲ್ಲದ ಪ್ರಯೋಗವೂ ಇನ್ನು ಬೇಡ, ಹದಿನೈದರೊಳಗೆ ಅಧ್ಯಾಯ ಕಳಿಸಿ, ಜೂನ್‌ಗೆ ಮುಂಚೆಯೇ ಪ್ರಬಂಧ ಸಲ್ಲಿಸಿಬಿಡೋಣ ಎಂದು ಬರೆದಿದ್ದಾರೆ.

ಆ ಮೂವತ್ತು ತಟ್ಟೆಯ ವಿಷಯ ನಾನು ಅವರಿಗೆ ಇನ್ನೂ ಹೇಳಿರಲಿಲ್ಲ. ಪಟ್ಟಿ ಕೊಟ್ಟ ಸುನೀತಾಗೂ ಫಲಿತಾಂಶ ಗೊತ್ತಿಲ್ಲ. ಮಡಕೆಯ ವಿಷಯ ಗೊತ್ತಿರುವುದು ನನಗೆ ಮತ್ತು ಪಾಪಮ್ಮನಿಗೆ. ಪಾಪಮ್ಮನಿಗೆ ಅದರಿಂದ ಏನಾಯಿತು ಎಂಬುದು ಸರಿಯಾಗಿ ಗೊತ್ತಿಲ್ಲ.

ಯೋಚಿಸಿದರೆ ನನ್ನ ಪುಸ್ತಕದಲ್ಲಿ ಒಂದೂ ಸುಳ್ಳಿಲ್ಲ. ಮೊಟ್ಟೆ ಇದ್ದದ್ದು ನಿಜ. ಹತ್ತಕ್ಕೂ ನಾಲ್ಕಕ್ಕೂ ಇಪ್ಪತ್ತೈದು ಇದ್ದದ್ದೂ ನಿಜ.

ಏಪ್ರಿಲ್ 3, ಗುರುವಾರ

ಅಧ್ಯಾಯ ಬರೆದು ಮುಗಿಸಿದೆ. ಹದಿನೆಂಟು ಪುಟ. ಚೆನ್ನಾಗಿ ಬಂದಿದೆ.

ಕಳಿಸಿಲ್ಲ. ನಾಳೆ ಕಳಿಸುತ್ತೇನೆ.

ಏಪ್ರಿಲ್ 5, ಶನಿವಾರ

ಸೋಮನಾಥಪುರಕ್ಕೆ ಹೋಗಿದ್ದೆ. ಬೀಗದ ಕೈ ಕೊಟ್ಟು ಬರುವುದು ಎಂದು ಮನೆಯಲ್ಲಿ ಹೇಳಿದೆ. ಬೀಗದ ಕೈಯನ್ನು ಯಾರ ಹತ್ತಿರವಾದರೂ ಕಳಿಸಬಹುದಿತ್ತು. ಪ್ರಸಾದ್ ಅದನ್ನು ಕೇಳಲಿಲ್ಲ, ದೇವಸ್ಥಾನ ನೋಡಲು ಬಂದವರ ಕಾರು ಜಾಸ್ತಿ ಇರುತ್ತೆ, ಹುಷಾರು ಎಂದಷ್ಟೇ ಹೇಳಿದರು.

ಪಾಪಮ್ಮ ಮನೆಯ ಹಿಂದಿನ ಹುಳು ಮನೆಯಲ್ಲಿದ್ದಳು. ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಕಿಟಕಿಗೆಲ್ಲ ಒದ್ದೆ ಗೋಣಿ ಕಟ್ಟಿತ್ತು. ಬಿದಿರು ತಟ್ಟೆಗಳ ತುಂಬ ಹುಳು, ಒಂದೂ ಅಲ್ಲಾಡುತ್ತಿರಲಿಲ್ಲ. ತಲೆ ಮೇಲೆತ್ತಿಕೊಂಡು ಕಲ್ಲಾಗಿದ್ದವು. ಸತ್ತಿವೆಯಾ ಎಂದೆ.

"ಬುಡ್ತು ಅನ್ನಿ. ಜ್ವರಕ್ಕೆ ಕೂತವೆ. ಪೊರೆ ಬುಡ್ಬೇಕಲ್ಲ, ಅದ್ಕೆ ತಿನ್ನಾಕಿಲ್ಲ, ಆಡಾಕಿಲ್ಲ. ಇದು ಮೂರ್ನೇ ಜ್ವರ. ಒಟ್ಗೆ ನಾಕು."

ನನ್ನ ಹುಳುವೂ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಅದೂ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಇದನ್ನು ಹೇಳಿದೆ. ಪಾಪಮ್ಮ ಮೊದಲ ಸಲ ನನ್ನ ಮುಖ ನೋಡಿದರು.

"ಅದೂ ನಾಕೇನಾ? ಅಂಗಾರೆ ಯಾವ ಜ್ವರದಾಗೆ ಸೆಕೆ ತಗುಲಿದ್ರೆ ನಿಮ್ ಉಳ ಒಡ್ದೋಯ್ತದೆ?"

ಆರು ವರ್ಷ ಈ ತಳಿಯನ್ನು ಬಿಸಿಯಲ್ಲಿ ಇಟ್ಟಿದ್ದೇನೆ, ತಂಪಿನಲ್ಲಿ ಇಟ್ಟಿದ್ದೇನೆ. ಹುಟ್ಟಿನಿಂದ ಸಾವಿನ ತನಕ ಇಡೀ ಬಿಸಿ, ಇಲ್ಲವೇ ಇಡೀ ತಂಪು. ಯಾವ ಹೊತ್ತಿನಲ್ಲಿ ಎಂದು ಈ ತಳಿಯನ್ನು ಕೇಳಿಯೇ ಇಲ್ಲ. "ನಮ್ಮಲ್ಲಿ ಗೂಡು ಬುಡುಸ್ವಾಗ ಕೈಗೆ ಗೊತ್ತಾಯ್ತದೆ, ಯಾವ ಜ್ವರದಾಗೆ ಸೆಕೆ ಒಡೀತು ಅಂತ" ಎಂದರು.

ನೀವು ತಟ್ಟೆಗಳನ್ನು ಎಷ್ಟು ಹೊತ್ತಿಗೆ ತೆಗೆದಿಡುತ್ತಿದ್ದಿರಿ ಎಂದು ಕೇಳಿದೆ. "ಐದೂವರೆ ಬಸ್ಸಿಗೆ ಓಗೋಕೆ ಮುಂಚೆ ಮಡುಗ್ತಿದ್ದೆ. ಬೆಳಿಗ್ಗೆ ಬಂದೇಟ್ಗೇ ಪೆಟ್ಗೆ ಒಳಕ್ಕೆ. ಮೇಡಂ, ಆವತ್ತೇ ಒಂದ್ ಮಾತು ಕೇಳಿದ್ರೆ ಯೋಳ್ತಿದ್ದೆ. ಮುಚ್ಚುಳ ಒಡ್ದಿದ್ದು ಮುಚ್ಚಿಟ್ಟೆ, ಅದು ನನ್ ತಪ್ಪು. ಮಿಕ್ಕಿದ್ದು ಮುಚ್ಚಿಡಕ್ಕೆ ನಂಗೇನು ಬಂದದೆ? ನೀವು ಅವತ್ತು ಅಂದಿದ್ದು ಮಾತ್ರ ಬಾಳ ನೋಯ್ತು."

ತಪ್ಪಾಯಿತು ಎಂದೆ. ಜೋರಾಗಿಯೇ ಎಂದೆ, ಯಾಕೆಂದರೆ ಕೂಗಾಡುವಾಗ ನಾನು ಜೋರಾಗಿಯೇ ಕೂಗಾಡಿದ್ದೆ.

ಕಾಫಿ ಕೊಟ್ಟರು. ನಿಮ್ಮ ಓದಿಗೆ ಏನಾದರೂ ತೊಂದರೆ ಆಯಿತಾ ಎಂದು ಕೇಳಿದರು. ಜೂನ್ ಮೂವತ್ತಕ್ಕೆ ಕೊಡಬೇಕಾದದ್ದು ಕೊಡೋಕೆ ಆಗಲ್ಲ ಎಂದೆ. ಬಾಯಿಂದ ಬಂದ ಮೇಲೆಯೇ ಗೊತ್ತಾದದ್ದು, ತೀರ್ಮಾನ ಮಾಡಿದ್ದೇನೆ ಎಂದು. ಪಾಪಮ್ಮ ಲೋಟ ಕೆಳಗಿಟ್ಟರು.

"ನಾನ್ ಯಾರ್ಗೂ ಯೋಳಾಕಿಲ್ಲ ಕಣ್ ಮೇಡಂ. ನಮ್ಮವ್ವನಾಣೆ. ನೀವು ಕೊಟ್ಬುಡಿ."

"ನೀವು ಹೇಳೋದು ಬೇಡ ಪಾಪಮ್ಮ. ನಾನೇ ಹೇಳ್ತೀನಿ."

ಏಪ್ರಿಲ್ 7, ಸೋಮವಾರ

ಸರ್‌ಗೆ ಫೋನ್ ಮಾಡಿ ಮಡಕೆ, ಮರಳು, ಕೆಂಪು ಸುತ್ತು, ಮೂವತ್ತು ತಟ್ಟೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಮೊದಲು ಕೇಳಿದ್ದು ಇದು.

"ಮಡಕೆ ಹತ್ರ ಎಷ್ಟು ಡಿಗ್ರಿ ಇತ್ತು? ಅಳೆದ್ರಾ?"

"ಇಲ್ಲ ಸರ್."

"ಅಳೀರಿ." ಆಮೇಲೆ ಹೇಳಿದರು, "ನಿಮ್ಮ ಮನೇಲಿ ಏನಂತಾರೋ ಗೊತ್ತಿಲ್ಲ. ಜೂನ್ ದಾಟಿದ್ರೆ ಈ ನೋಂದಣಿ ರದ್ದಾಗುತ್ತೆ. ಹೊಸದಾಗಿ ಅರ್ಜಿ ಹಾಕಿ ಮೊದಲಿಂದ ಬರಬೇಕು. ಕಮ್ಮಿ ಅಂದ್ರೆ ಮೂರು ವರ್ಷ. ನೀವು ಹೇಳದೇ ಇದ್ದಿದ್ರೆ ನಾನು ಸಹಿ ಹಾಕಿಬಿಡ್ತಿದ್ದೆ ಹೇಮಲತಾ."

ಗೊತ್ತು ಸರ್ ಎಂದೆ. ಫೋನ್ ಇಟ್ಟ ಮೇಲೆ ಕಪಿಲಾ ಸೇತುವೆಯ ಹತ್ತಿರದ ಬೇಕರಿಯಲ್ಲಿ ಕೂತು ಎರಡು ದಿಲ್‌ಪಸಂದ್ ತಿಂದೆ. ದುಃಖವಾಯಿತು, ಬಹಳ ಆಯಿತು. ಆದರೆ ಯಾವ ಜ್ವರದಲ್ಲಿ ಎಂಬ ಪ್ರಶ್ನೆ ದುಃಖದ ಮಧ್ಯೆಯೂ ತಲೆಯಲ್ಲಿ ಓಡುತ್ತಲೇ ಇತ್ತು. ಇನ್ನು ಮೂರು ವರ್ಷಕ್ಕೆ ನನಗೆ ನಲವತ್ತೊಂದು ಆಗುತ್ತದೆ. ಡಾಕ್ಟರೇಟು ಬರದಿದ್ದರೂ ನಲವತ್ತೊಂದು ಆಗೇ ಆಗುತ್ತದೆ.

ಏಪ್ರಿಲ್ 24, ಗುರುವಾರ

ಪಾಪಮ್ಮನವರು ಕೆಲಸಕ್ಕೆ ವಾಪಸ್ಸು ಬಂದಿದ್ದಾರೆ, ಇಬ್ಬರೂ ಸೇರಿ ಹತ್ತು ದಿನ ಅಳೆದೆವು. ಒದ್ದೆ ಮರಳ ಮೇಲೆ ಗೋಣಿಯ ಕೆಳಗೆ ರಾತ್ರಿಯೆಲ್ಲ ಇಪ್ಪತ್ತರಿಂದ ಇಪ್ಪತ್ತೊಂದು. ನಮ್ಮ ಕಾಲೇಜಿನ ಇನ್‌ಕ್ಯುಬೇಟರಿಗೆ ಕರೆಂಟು ಹೋದರೆ ಎರಡು ಡಿಗ್ರಿ ಏರುತ್ತದೆ, ಮಡಕೆಗೆ ಅರ್ಧ ಡಿಗ್ರಿಯೂ ಏರಲಿಲ್ಲ. ಪಾಪಮ್ಮನವರು ಇದನ್ನು ಪ್ರಿನ್ಸಿಪಾಲರಿಗೆ ಹೇಳಿ ಹೊಸ ಮಡಕೆ ಕೊಡಿಸಿ ಎಂದರು.

ಪ್ರಯೋಗ ಹೀಗೆ ಹೂಡಿದ್ದೇವೆ. ಒಂದೇ ಹೊತ್ತಿನಲ್ಲಿ ಹುಟ್ಟಿದ ಮರಿಗಳನ್ನು ಐದು ಗುಂಪು ಮಾಡಿ, ಎಲ್ಲವನ್ನೂ ಬಿಸಿಯಲ್ಲೇ ಬೆಳೆಸುವುದು. ಒಂದೊಂದು ಗುಂಪಿಗೆ ಒಂದೊಂದು ಘಟ್ಟದಲ್ಲಿ ಮಾತ್ರ ತಂಪು. ನಾನು ಗಂಟೆ ಲೆಕ್ಕ ಹಾಕಿ ಚಾರ್ಟು ಬರೆದಿದ್ದೆ. ಪಾಪಮ್ಮನವರು ಒಪ್ಪಲಿಲ್ಲ. "ಗಂಟೆ ನೋಡಿ ಉಳ ಜ್ವರಕ್ಕೆ ಕೂರಾಕಿಲ್ಲ ಮೇಡಂ. ಉಳ ನೋಡಿ ನಾವು ಏಳ್ಬೇಕು" ಎಂದರು. ಚಾರ್ಟು ಹರಿದುಹಾಕಿದೆ. ಈಗ ಹುಳು ಅಲುಗಾಟ ನಿಲ್ಲಿಸಿದಾಗ ಒಂದು ಜ್ವರ, ಮತ್ತೆ ಓಡಾಡಿದಾಗ ಮುಂದಿನ ಘಟ್ಟ ಎಂದು ಗುರುತು ಮಾಡುತ್ತೇನೆ. ಸರ್‌ಗೆ ಹೇಳಿದರೆ, ಗಂಟೆಗಿಂತ ಇದೇ ಸರಿ ಎಂದರು. ಇದು ನನಗೆ ಹೊಳೆದದ್ದಲ್ಲ ಎಂದು ಹೇಳಿದೆ.

ಎಣಿಸುವ ಮುಂಚೆ ತಟ್ಟೆಗಳಿಗೆ ಸುನೀತಾಳೇ ಹೊಸ ನಂಬರು ಹಾಕುತ್ತಾಳೆ. ಯಾವುದು ಯಾವ ಗುಂಪು ಎಂದು ಎಣಿಸುವಾಗ ನನಗೂ ಗೊತ್ತಿರುವುದಿಲ್ಲ, ಪಾಪಮ್ಮನವರಿಗೂ ಗೊತ್ತಿರುವುದಿಲ್ಲ.

ಮೇ 19, ಸೋಮವಾರ

ಒಂದನೇ ಜ್ವರ ಎದ್ದ ಮೇಲೆ, ಎರಡನೇ ಜ್ವರಕ್ಕೆ ಕೂರುವ ತನಕ. ಆ ಘಟ್ಟದಲ್ಲಿ ತಂಪು ಸಿಕ್ಕ ಗುಂಪಿನಲ್ಲಿ ಮಾತ್ರ ಮೊಟ್ಟೆ. ನಲವತ್ತನಾಲ್ಕಕ್ಕೆ ನಲವತ್ತೊಂದು. ಮಿಕ್ಕ ನಾಲ್ಕು ಗುಂಪಿನಲ್ಲಿ ಚೀಲ. ಎರಡು ಕೋಶ ಮಾತಾಡಿಕೊಳ್ಳುವುದು ಅದೇ ಹೊತ್ತಿನಲ್ಲಿ. ಅಷ್ಟು ಹೊತ್ತು ಮಾತಾಡಲು ಬಿಟ್ಟರೆ ಸಾಕು, ಆಮೇಲೆ ಎಷ್ಟೇ ಕಾಯಿಸಿದರೂ ಲಂಗರು ಲಂಗರಾಗಿಯೇ ಇರುತ್ತದೆ. ಬೇರೆ ತಳಿಗಳಲ್ಲಿ ಇಂಥದ್ದನ್ನು ಎಷ್ಟೋ ಹಿಂದೆಯೇ ಕಂಡಿದ್ದಾರೆ, ಜಗತ್ತಿಗೆ ಹೊಸದೇನಲ್ಲ. ಈ ತಳಿಯಲ್ಲಿ ನಾವೇ ಮೊದಲು. ಇನ್ನೂ ಎರಡು ಸಲ ಮಾಡಬೇಕು.

ಜೂನ್ ಮೂವತ್ತರೊಳಗೆ ಬರೆದುಕೊಡಲು ಆಗುತ್ತದೆಯೇ ಎಂದು ಪ್ರಸಾದ್ ಕೇಳಿದರು. ಎರಡು ಸಲ ಇನ್ನೂ ಮಾಡಬೇಕು ರೀ ಎಂದೆ. ಹೊಸ ಅರ್ಜಿ ನಮೂನೆಯನ್ನು ತಮ್ಮ ಆಫೀಸಿನಲ್ಲೇ ಪ್ರಿಂಟ್ ತೆಗೆದು ತರುತ್ತೇನೆ ಎಂದರು.

ಜೂನ್ 30, ಸೋಮವಾರ

ಇವತ್ತು ನೋಂದಣಿ ಮುಗಿಯಿತು. ಸಂಜೆ ಐದಕ್ಕೆ ವಿಶ್ವವಿದ್ಯಾಲಯದ ಕಚೇರಿಯ ಬಾಗಿಲು ಹಾಕುತ್ತಾರೆ. ನಾಲ್ಕರಿಂದಲೇ ನನ್ನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು. ಆರು ವರ್ಷ. ಎರಡು ವಿಸ್ತರಣೆ. ಇದೇ ಹೊತ್ತಿಗೆ ಮೈಸೂರಿನಲ್ಲಿ ಯಾರೋ ಒಬ್ಬರು ತಮ್ಮ ಪ್ರಬಂಧವನ್ನು ಕೆಂಪು ರಟ್ಟಿನಲ್ಲಿ ಹೊಲಿಸಿಕೊಂಡು ಕೌಂಟರಿನಲ್ಲಿ ಕೊಡುತ್ತಿರುತ್ತಾರೆ ಎಂದು ನೆನೆದು ಹೊಟ್ಟೆ ಉರಿಯಿತು.

ಮೂರನೆಯ ಸಲದ ಪ್ರಯೋಗದ ಹುಳುಗಳು ದೊಡ್ಡವಾಗಿದ್ದವು. ಒಂದನ್ನು ಎತ್ತಿ ಬೇರೆ ತಟ್ಟೆಗೆ ಬಿಟ್ಟು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಹೊಟ್ಟೆಯಲ್ಲಿ ಸಾಲಾಗಿ ಮೊಟ್ಟೆ ಕೂತಿದ್ದವು. ಇಡುತ್ತದೋ ಒಡೆಯುತ್ತದೋ ಇನ್ನೂ ಗೊತ್ತಿಲ್ಲ. ಪಾಪಮ್ಮನವರು ಪಕ್ಕದಲ್ಲಿ ತಟ್ಟೆ ಒರೆಸುತ್ತಿದ್ದರು. ಬನ್ನಿ, ಇಲ್ಲಿ ಕೂತ್ಕೊಳ್ಳಿ ಎಂದೆ. ನಾನಾ ಎಂದರು. ಕೈ ಸೆರಗಿಗೆ ಒರೆಸಿಕೊಂಡು, ಮುಟ್ಟಿದರೆ ಏನಾದರೂ ಆಗುತ್ತದೇನೋ ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು.

"ಅಯ್ಯೋ" ಎಂದರು. ಉಸಿರೂ ಬಿಡದೆ ನೋಡುತ್ತಿದ್ದರು. ಐದು ಹೊಡೆಯಿತು. ಹೊರಗೆ ಐದೂವರೆ ಬಸ್ಸಿಗೆ ಹುಡುಗಿಯರು ಓಡುತ್ತಿದ್ದರು. ನಿಮ್ಮ ಬಸ್ಸಿಗೆ ಹೊತ್ತಾಗುತ್ತೆ ಎಂದೆ. ಇರಿ ಎಂದು ಕೈ ಅಡ್ಡ ಮಾಡಿದರು.

ನನಗೆ ಅಳು ಬಂತು. ತಡೆಯಲಿಲ್ಲ, ಯಾರೂ ನೋಡುತ್ತಿರಲಿಲ್ಲ. ನೋಡಬೇಕಾದವರು ಕಣ್ಣನ್ನು ಮೈಕ್ರೋಸ್ಕೋಪಿಗೆ ಅಂಟಿಸಿಕೊಂಡಿದ್ದರು.

"ಬತ್ತಾ ಅದೆ, ಬತ್ತಾ ಅದೆ ಮೇಡಂ, ಇರಿ." ಪಾಪಮ್ಮನವರ ಭುಜ ಬಿಗಿಯಾಯಿತು. "ಒರಕ್ಕೆ ಬಂತು! ಎತ್ಬುಟ್ಳು ಕಣ್ ಮೇಡಂ, ಎತ್ಬುಟ್ಳು!"

ನಾನು ಮುಖ ಒರೆಸಿಕೊಂಡು ದಾಖಲೆ ಪುಸ್ತಕ ತೆಗೆದು ಬರೆದೆ. ಸಂಜೆ 5.10. ಮೊದಲ ಮೊಟ್ಟೆ. ನೋಡಿದವರು: ಪಾಪಮ್ಮ, ಸೋಮನಾಥಪುರ.